ನಾರ್ವೇಜಿಯನ್ ದಿಕ್ಕುಗಳ ಹೆಸರೆಲ್ಲ ಇಂಗ್ಲಿಷಿನಂತೆಯೇ ಇವೆಯಲ್ಲ, ಅವುಗಳ ಮೂಲ ಬೇರೆ ಓದಬೇಕಾ?

ಓದಲೇಬೇಕು. ನಿಮ್ಮ ಹಾಗೇ ಅಂದುಕೊಂಡು ನಾನು ಒಂದು ಇಡೀ ಸೆಮಿಸ್ಟರ್ ಕಳೆದುಕೊಂಡಿದ್ದೇನೆ.

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಹಳೆಯ ನಾರ್ಸ್, ಅಂದರೆ ನಾರ್ವೇಜಿಯನ್ನಿನ ಪೂರ್ವಜ ಭಾಷೆ, ಓದುತ್ತಿದ್ದೆ. ಇವತ್ತಿನ ನಾರ್ವೇಜಿಯನ್ನಿನಲ್ಲಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂದರೆ ನೂರ್, ಸೋರ್, ಓಸ್ಟ್, ವೆಸ್ಟ್. ಕೇಳಿದ ಕೂಡಲೇ ಅರ್ಥವಾಗುತ್ತದೆ, ಕಲಿಯುವುದೇನಿದೆ ಅಂತ ಆ ಪಾಠವನ್ನೇ ಬಿಟ್ಟೆ. ಆಮೇಲೆ ಪ್ರಬಂಧಕ್ಕೆ ಒಂದು ಹಡಗುಯಾನದ ಭಾಗ ಸಿಕ್ಕಿತು. ಹಡಗು ‘ಊಟ್‌ನೊರ್ದರ್’ ಕಡೆ ಹೋಯಿತು ಅಂತಿತ್ತು. ‘ಊಟ್’ ಅಂದರೆ ಹೊರಗೆ, ‘ನೊರ್ದರ್’ ಅಂದರೆ ಉತ್ತರ. ಬಂದರಿನಿಂದ ಹೊರಬಿದ್ದು ಸೀದಾ ಉತ್ತರಕ್ಕೆ ಅಂತ ನಕಾಶೆಯಲ್ಲಿ ಗೆರೆ ಎಳೆದೆ. ಆ ಗೆರೆ ನಂಬಿ ಹನ್ನೆರಡು ಪುಟ ಬರೆದೆ.

ಮೇಷ್ಟ್ರು ಬೈಯಲಿಲ್ಲ. ಪೆನ್ಸಿಲಿನಿಂದ ಕಿಟಕಿ ತೋರಿಸಿ, "ಸಮುದ್ರ ಯಾವ ಕಡೆ?" ಅಂದರು. ಪಶ್ಚಿಮ. "ನೆಲ?" ಪೂರ್ವ. ಅಷ್ಟು ಹೊತ್ತಿಗೆ ನನಗೆ ಹೊಳೆದಿತ್ತು. ಆ ಕರಾವಳಿಯವರಿಗೆ ‘ಹೊರಗೆ’ ಅಂದರೆ ಪಡುವಣ ಕಡಲು, ‘ಲಂಡ್’ ಅಂದರೆ ಮೂಡಣದ ನೆಲ. ಹಾಗಾಗಿ ಊಟ್‌ನೊರ್ದರ್ ವಾಯವ್ಯ, ಲಂಡ್‌ನೊರ್ದರ್ ಈಶಾನ್ಯ, ಲಂಡ್‌ಸುದರ್ ಆಗ್ನೇಯ, ಊಟ್‌ಸುದರ್ ನೈಋತ್ಯ. ಒಂದು ಪದ ತಪ್ಪಿದ್ದಕ್ಕೆ ಹನ್ನೆರಡು ಪುಟವೂ ಹೋಯಿತು, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆಯಬೇಕಾಯಿತು. ನಾನು ಕುಂದಾಪುರದವನು, ಕಡಲು ನಮಗೂ ಪಶ್ಚಿಮಕ್ಕೇ. ಯಾರೂ ಹೇಳದೆ ನನಗೆ ತಿಳಿಯಬೇಕಿತ್ತು ಅನ್ನುವ ಸಂಕಟ ಇವತ್ತಿಗೂ ಇದೆ.

ಈ ಪದಗಳು ವಲಸೆ ಹೋದವರ ಜೊತೆ ಹಡಗು ಹತ್ತಿ ಫೆರೋ ದ್ವೀಪಗಳಿಗೂ ಹೋದವು. ಸುತ್ತಲೂ ನೀರೇ ಇರುವ ಅಲ್ಲಿ ಈಗಲೂ ಈಶಾನ್ಯದ ಹೆಸರಿನಲ್ಲಿ ‘ಲಂಡ್’ ಉಳಿದುಕೊಂಡಿದೆ!

ಇನ್ನು ಇಂಗ್ಲಿಷಿನ ಮಾತು. ನಾರ್ವೇಜಿಯನ್ ಹೆಸರುಗಳು ಇಂಗ್ಲಿಷಿನಿಂದ ಬಂದವಲ್ಲ, ಎರಡು ಭಾಷೆಗಳೂ ಒಂದೇ ಜರ್ಮ್ಯಾನಿಕ್ ಮನೆಯ ಮಕ್ಕಳು. ಓಸ್ಟ್ ಪದದ ಹಳೆಯ ರೂಪ ‘ಔಸ್ತರ್’. ಅದರ ಬೇರೂ ನಮ್ಮ ‘ಉಷಸ್ಸಿನ’ ಬೇರೂ ಒಂದೇ, ಬೆಳಗು. ವೆಸ್ಟ್‌ಗೆ ಸಂಜೆ ಅನ್ನುವ ಲ್ಯಾಟಿನ್‌ನ ‘ವೆಸ್ಪರ್’ ನಂಟು. ಸೋರ್ ಪದವನ್ನು ಸೂರ್ಯನಿಗೆ ಜೋಡಿಸುತ್ತಾರೆ. ನೂರ್ ‘ಎಡ’ ಅನ್ನುವ ಬೇರಿನದು ಅಂತ ಹಲವು ವಿದ್ವಾಂಸರ ಅಭಿಪ್ರಾಯ: ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತರೆ ಉತ್ತರ ಎಡಗೈಗೆ ಬರುತ್ತದೆ. ಸಂಸ್ಕೃತದ ‘ದಕ್ಷಿಣ’ಕ್ಕೆ ಬಲಗಡೆ ಅನ್ನುವ ಅರ್ಥ ಇರುವುದೂ ಹೀಗೇ ನಿಂತವರಿಂದ. ಮೂಡುಬಿದಿರೆ, ಪಡುಬಿದ್ರಿ ಅನ್ನುವ ನಮಗೆ ಇದು ಇಂಗ್ಲಿಷಿಗಿಂತ ಹತ್ತಿರ.

ಇಂಗ್ಲಿಷ್ ಪಕ್ಕಕ್ಕಿಡಿ. ನಾರ್ವೇಜಿಯನ್ನಿನ ಎರಡು ಬರಹರೂಪಗಳಲ್ಲಿ ಒಂದಾದ ನ್ಯೂನೋರ್ಸ್ಕ್‌ನ ‘ಔಸ್ಟ್’ ಮೊದಲು ಕಲಿಯಿರಿ, ಹಳೆಯ ದನಿ ಅದರಲ್ಲಿ ಉಳಿದಿದೆ. ಹಳೆಯ ಪಠ್ಯದಲ್ಲಿ ಬರೀ ‘ಸುನ್ನನ್’ ಅಂತ ಕಂಡರೆ ದಕ್ಷಿಣಕ್ಕೆ ಅಂತ ಬರೆಯಬೇಡಿ. ಅದು ದಕ್ಷಿಣದಿಂದ.