ವರ್ಗಮೂಲದ ಲೆಕ್ಕದಲ್ಲಿ ಎರಡು ಉತ್ತರ ಬಂದರೆ ಒಂದನ್ನು ಯಾಕೆ ಬಿಡಬೇಕು?

√(ಎಕ್ಸ್ + 6) = ಎಕ್ಸ್ ಬಿಡಿಸಿದರೆ 3 ಮತ್ತು −2 ಬಂತು, ಪುಸ್ತಕದಲ್ಲಿ 3 ಮಾತ್ರ ಇದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ನೀವು ಎಲ್ಲೂ ತಪ್ಪಿಲ್ಲ. ವಿಜಯಪುರದಲ್ಲಿ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಪ್ರತಿ ವರ್ಷ ಯಾರಾದರೂ ಇದನ್ನೇ ಕೇಳುತ್ತಾರೆ.

√4 ಅಂದರೆ 2 ಮಾತ್ರ, −2 ಅಲ್ಲ. ಆ ಗುರುತಿನ ಅರ್ಥವೇ ಅಷ್ಟು. ಆದರೆ ವರ್ಗ ಮಾಡಿದ ತಕ್ಷಣ ಮೈನಸ್ ಅಳಿಸಿಹೋಗುತ್ತದೆ, ಅಲ್ವಾ? ಎಕ್ಸ್ + 6 = ಎಕ್ಸ್² ಅಂತ ಬರೆದಾಗ −√(ಎಕ್ಸ್ + 6) = ಎಕ್ಸ್ ಅನ್ನೋ ಇನ್ನೊಂದು ಲೆಕ್ಕವೂ ಸದ್ದಿಲ್ಲದೆ ಒಳಗೆ ಬಂತು. −2 ಅದರ ಉತ್ತರ, ನಿಮ್ಮ ಲೆಕ್ಕದ್ದಲ್ಲ.

ಹಾಗಂತ ಮೈನಸ್ ಕಂಡ ಕೂಡಲೇ ಹೊಡೆದುಹಾಕಬೇಡಿ. ಜಾಸ್ತಿ ಅಂಕ ಹೋಗುವುದು ಇಲ್ಲೇ. √(2 − ಎಕ್ಸ್) = −ಎಕ್ಸ್ ಬಿಡಿಸಿ ನೋಡಿ. 1 ಮತ್ತು −2 ಬರುತ್ತವೆ. 1 ಹಾಕಿದರೆ ಎಡಕ್ಕೆ 1, ಬಲಕ್ಕೆ −1. ಕೂಡಲಿಲ್ಲ. −2 ಹಾಕಿದರೆ ಎರಡೂ ಕಡೆ 2. ಇಲ್ಲಿ ಮೈನಸ್ಸೇ ಸರಿಯುತ್ತರ! ಮೊದಲಿನ ಸಮೀಕರಣಕ್ಕೇ ಹಾಕಿ ತಾಳೆ ನೋಡಬೇಕು. ವರ್ಗ ಮಾಡಿದ ಮೇಲಿನ ಸಾಲಿಗೆ ಹಾಕಿದರೆ ಎರಡೂ ಸರಿ ಅಂತಲೇ ಕಾಣುತ್ತದೆ.

ನನಗೆ ತುಂಬಾ ಪ್ರಿಯವಾದ ಲೆಕ್ಕವೊಂದಿದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಡವಿಡ ಅಂತ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಅಂತ ಹಲವರ ನಂಬಿಕೆ, ಎಲ್ಲರೂ ಒಪ್ಪಿಲ್ಲ. ಅವರ ಲೀಲಾವತಿಯಲ್ಲಿ ದುಂಬಿಗಳ ಗುಂಪೊಂದು ಬರುತ್ತದೆ. ಗುಂಪಿನ ಅರ್ಧದ ವರ್ಗಮೂಲದಷ್ಟು ಮಾಲತಿ ಹೂವಿಗೆ ಹಾರಿದವು. ಇಡೀ ಗುಂಪಿನ ಒಂಬತ್ತರಲ್ಲಿ ಎಂಟು ಪಾಲೂ ಹೋಯಿತು. ಉಳಿದದ್ದು ಒಂದು ಜೋಡಿ: ರಾತ್ರಿ ಮುಚ್ಚಿದ ತಾವರೆಯೊಳಗೆ ಸಿಕ್ಕಿಕೊಂಡ ಗಂಡು, ಹೊರಗೆ ಗುಂಯ್‌ಗುಡುವ ಹೆಣ್ಣು. ಒಟ್ಟು ಎಷ್ಟು?

√(ಎಕ್ಸ್/2) + 8ಎಕ್ಸ್/9 + 2 = ಎಕ್ಸ್. ವರ್ಗ ಮಾಡಿ ಬಿಡಿಸಿದರೆ 72 ಮತ್ತು 4.5. ತಾಳೆ ನೋಡಿ: 6 + 64 + 2 = 72. ಸರಿಹೋಯಿತು. 4.5 ಬಂದಾಗ ಮಕ್ಕಳು "ಸರ್, ಅರ್ಧ ದುಂಬಿ ಇರಲ್ಲ" ಅಂತ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ದುಂಬಿಯ ಬದಲು ಲೀಟರ್ ಹಾಲು ಅಂತಿದ್ದರೆ ಏನು ಮಾಡುತ್ತೀರಿ ಅಂತ ಕೇಳುತ್ತೇನೆ. ಆಗ ಪೆನ್ನು ಹಿಡಿದು ಕೂಡುತ್ತಾರೆ: 1.5 + 4 + 2 = 7.5. 4.5 ಬರಲೇ ಇಲ್ಲ. ಆ 1.5ಕ್ಕೆ ಮೈನಸ್ ಇಟ್ಟರೆ ಮಾತ್ರ ಬರುತ್ತದೆ.