ತಿಕೋಟಾದ ಚಾಟ್ನಿ, ಟಸ್ಕನಿಯ ಸುಗ್ಗಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಓದುಗರೊಬ್ಬರು ಪುಣೆಯಿಂದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಒಂದಿಷ್ಟು ಉಳಿಸಿದ್ದಾರೆ. ಬರುವ ಸೆಪ್ಟೆಂಬರ್‌ನಲ್ಲಿ ಯುರೋಪ್ ಸುತ್ತಲು ಹೊರಟಿದ್ದು, ಅದರಲ್ಲಿ ಒಂದು ತಿಂಗಳು ಇಟಲಿಯ ಟಸ್ಕನಿಯ ಸಾವಯವ ದ್ರಾಕ್ಷಿ ತೋಟದಲ್ಲಿ ಊಟ, ವಸತಿಗೆ ಪ್ರತಿಯಾಗಿ ದುಡಿಯುವ ಆಸೆ ಅವರಿಗೆ. ಊರಿನಲ್ಲಿ ಅಪ್ಪನದೂ ದ್ರಾಕ್ಷಿ ತೋಟವೇ; ಬಳ್ಳಿ ಸವರುವುದನ್ನು ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಅಪ್ಪನದು ಒಂದೇ ಮಾತು: “ಅಕ್ಟೋಬರ್ ಚಾಟ್ನಿಗೆ ಆಳು ಹುಡುಕಿ ನಾನು ಊರೂರು ಅಲೆಯುತ್ತೇನೆ. ನೀನು ವಿಮಾನ ಹತ್ತಿ ಯಾರದೋ ದ್ರಾಕ್ಷಿ ಬಿಡಿಸಲು ಹೋಗುತ್ತೀಯಾ?” ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದ್ದಾರೆ.

ತಂಗೀ, ನಿಮ್ಮ ಅಪ್ಪನ ಸಿಟ್ಟು ನ್ಯಾಯವಾದದ್ದೇ. ಚಾಟ್ನಿ ನಾಲ್ಕು ದಿನ ತಡವಾದರೆ ಏನಾಗುತ್ತದೆ ಎಂದು ದ್ರಾಕ್ಷಿ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಪರವಾಗಿ ನಾನು ಹೇಳುವುದು ಇಷ್ಟೇ. ಇನ್ನು ನೀವು ಹೋಗಿ ಬನ್ನಿ.

ನೀವು ಹೇಳುವ ಈ ಪದ್ಧತಿ ಹುಟ್ಟಿದ್ದು 1971ರಲ್ಲಿ, ಇಂಗ್ಲೆಂಡಿನಲ್ಲಿ. ಸ್ಯೂ ಕೊಪ್ಪಾರ್ಡ್ ಎಂಬ ಹೆಣ್ಣುಮಗಳು ಲಂಡನ್ನಿನಲ್ಲಿ ಸೆಕ್ರೆಟರಿ ಕೆಲಸದಲ್ಲಿದ್ದರು. ಹಳ್ಳಿಗೆ ಹೋಗಬೇಕೆಂಬ ಹಂಬಲವಿತ್ತು, ಆದರೆ ಹೋಗಲು ಅಲ್ಲಿ ನೆಂಟರಿರಲಿಲ್ಲ. ಸಸೆಕ್ಸ್‌ನ ಎಮರ್ಸನ್ ಕಾಲೇಜಿನ ಹೊಲದವರನ್ನು ಒಪ್ಪಿಸಿ, ಬೆರಳೆಣಿಕೆಯ ಜನರೊಂದಿಗೆ ಒಂದು ವಾರಾಂತ್ಯ ಅಲ್ಲಿ ದುಡಿದು ಬಂದರು. ಅದೇ ಮುಂದೆ ‘ವೂಫ್’ ಎಂಬ ಹೆಸರಿನಲ್ಲಿ ದೇಶದೇಶಕ್ಕೆ ಹಬ್ಬಿತು. ದಿನಕ್ಕೆ ನಾಲ್ಕರಿಂದ ಆರು ತಾಸು ಕೆಲಸ, ಮಾಲೀಕರ ಮನೆಯಲ್ಲೇ ಊಟ, ಮಲಗಲು ಜಾಗ. ಹಣದ ಮಾತೇ ಇಲ್ಲ. ನಮ್ಮ ಹಿರಿಯರಿಗೆ ಇದನ್ನು ವಿವರಿಸಿದರೆ “ಮುಯ್ಯಾಳು ಅಂದಂತಾಯಿತು” ಎಂದು ಎರಡನೆಯ ಮಾತಿಲ್ಲದೆ ಎದ್ದು ಹೋಗುತ್ತಾರೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು, ಆ ಋಣವನ್ನು ದುಡಿಮೆಯಿಂದಲೇ ತೀರಿಸುವ ಪದ್ಧತಿ ಅದು.

ಮುಯ್ಯಾಳು ಎಂದೊಡನೆ ನನಗೆ ನೆನಪಾಗುವುದು ಬೇರೆಯೇ. ನಾನು ಡೋಣಿ ನದಿ ದಂಡೆಯ ಎರೆ ನೆಲದವನು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಜ್ಜ ಯಾರದೋ ಮನೆಯ ಮುಯ್ಯಿ ತೀರಿಸಲು ನನ್ನನ್ನು ಜೋಳ ಕೀಳಲು ಕಳಿಸಿದ. ಹಿಂಗಾರಿ ಬಿಳಿಜೋಳವನ್ನು ನಮ್ಮಲ್ಲಿ ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಬಿಸಿಲೇರಿದರೆ ಒಣಗಿದ ಗರಿ ಕೈ ಕೊಯ್ಯುತ್ತದೆಂದು ಇಬ್ಬನಿ ಇರುವಾಗಲೇ ಸಾಲು ಹಿಡಿಯಬೇಕು. ಒಂದು ತಾಸಿನೊಳಗೆ ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಕಡ್ಡಿಗೆ ಅಂಟತೊಡಗಿತು. ಬಲಗಡೆಯ ಸಾಲಿನಲ್ಲಿ ಕೂಲಿಗೆ ಬಂದ ಒಬ್ಬಾಕೆ ಇದ್ದಳು. ತನ್ನ ಸಾಲು ಮುಗಿಸಿ ಆ ಕೊನೆ ಮುಟ್ಟಿದವಳು, ಏನೂ ಹೇಳದೆ ನನ್ನ ಸಾಲನ್ನು ಎದುರಿನಿಂದ ಕೀಳುತ್ತ ಬಂದಳು. ನಡುವೆ ಸಿಕ್ಕಾಗ ನನ್ನ ಕೈ ನೋಡಿ, ಸೆರಗಿನ ಅಂಚು ಹರಿದು ಸುತ್ತಿದಳು. ಮಧ್ಯಾಹ್ನ ಮಾಲೀಕರು ನನ್ನನ್ನು ಗುಡಿಸಲೊಳಗೆ ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಆಕೆ ಹೊರಗೆ ಬಣವೆಯ ನೆರಳಿನಲ್ಲಿ ಮನೆಯಿಂದ ತಂದ ಬುತ್ತಿ ಬಿಚ್ಚಿದಳು. ಚಹಾ ಬಂದಾಗ ಅವಳ ಲೋಟಕ್ಕೆ ಮೇಲಿನಿಂದ ಸುರಿದರು. ಲೋಟವೂ ಅವಳೇ ತಂದದ್ದು. ಇಬ್ಬರೂ ಹಿಡಿದದ್ದು ಒಂದೇ ಹೊಲದ ಸಾಲು, ನನ್ನ ಸಾಲಿನಲ್ಲಿ ಅರ್ಧ ಕಿತ್ತವಳೂ ಅವಳೇ. ಆದರೂ ಮುಯ್ಯಾಳು ಒಳಗೆ, ಕೂಲಿಯಾಳು ಹೊರಗೆ.

ಅದಕ್ಕೇ ಹೋಗಿ ಎನ್ನುತ್ತಿದ್ದೇನೆ. ನಿಮ್ಮ ಪತ್ರದಲ್ಲಿ “ಮಣ್ಣಿನೊಂದಿಗೆ ಸಂಬಂಧ ಬೆಸೆಯಬೇಕು” ಎಂಬ ಮಾತಿದೆ. ಆ ಮಾತು ಬಿಡಿ. ನಮ್ಮ ಪತ್ರಿಕೆಗೆ ವಾರಕ್ಕೆ ಐದಾರು ಕವಿತೆಗಳು ಅದೇ ಮಾತು ಹೊತ್ತು ಬರುತ್ತವೆ. ಬರೆದವರು ಬದುವಿನಿಂದ ಕೆಳಗಿಳಿದವರಲ್ಲ. ನಿಮಗೆ ಅಲ್ಲಿ ಸಿಗುವುದು ಇನ್ನೊಂದು: ಆಳಾಗುವ ಅವಕಾಶ. ನಿಮ್ಮ ಊರಿನ ತೋಟದಲ್ಲಿ ಎಷ್ಟೇ ಬೆವರು ಸುರಿಸಿದರೂ ನೀವು ಮಾಲೀಕರ ಮಗಳೇ. ಹತ್ತು ಗಂಟೆಗೆ ಯಾರೋ ಒಬ್ಬರು “ಅಕ್ಕಾರ, ನೆರಳಿಗೆ ಕೂಡ್ರಿ” ಎನ್ನುತ್ತಾರೆ, ನೀವು ಕೂಡುತ್ತೀರಿ. ಟಸ್ಕನಿಯಲ್ಲಿ ನಿಮ್ಮನ್ನು ಯಾರೂ ಹಾಗೆ ಕೂಡಿಸುವುದಿಲ್ಲ. ಬುಟ್ಟಿ ತುಂಬಲಿಲ್ಲವೆಂದರೆ ಇನ್ನೊಬ್ಬರು ತುಂಬಬೇಕಾಗುತ್ತದೆ, ಮತ್ತು ಅವರೊಡನೆ ಅದೇ ಮೇಜಿನಲ್ಲಿ ನೀವು ರಾತ್ರಿ ಊಟಕ್ಕೆ ಕೂಡಬೇಕು.

ಹಾಗೆಂದು ಇಟಲಿಯನ್ನು ಕೈಲಾಸ ಮಾಡಬೇಡಿ. 2024ರ ಜೂನ್‌ನಲ್ಲಿ, ರೋಮ್‌ನ ದಕ್ಷಿಣಕ್ಕಿರುವ ಲಾತಿನಾ ಪ್ರಾಂತ್ಯದ ಹೊಲದಲ್ಲಿ ಕಾಗದಪತ್ರವಿಲ್ಲದೆ ದುಡಿಯುತ್ತಿದ್ದ ನಮ್ಮದೇ ದೇಶದ ತರುಣನೊಬ್ಬನ ತೋಳು ಯಂತ್ರಕ್ಕೆ ಸಿಕ್ಕು ತುಂಡಾಯಿತು. ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಮನೆಯ ಮುಂದೆ ಇಳಿಸಿ ಹೋದರು. ತುಂಡಾದ ತೋಳನ್ನು ಹಣ್ಣಿನ ಕ್ರೇಟಿನಲ್ಲಿ ಇಟ್ಟಿದ್ದರು. ಎರಡು ದಿನಕ್ಕೆ ಅವನು ತೀರಿಕೊಂಡ. ನೀವು ಕಾಲಿಡುವುದೂ ಅದೇ ದೇಶಕ್ಕೆ. ನಿಮ್ಮ ಕಿಸೆಯಲ್ಲಿ ಹಿಂತಿರುಗುವ ಟಿಕೆಟ್ ಇರುತ್ತದೆ, ಅವನ ಕಿಸೆಯಲ್ಲಿ ಇರಲಿಲ್ಲ. ದ್ರಾಕ್ಷಿ ಬಿಡಿಸಲು ಕೂಲಿಗೆ ಬಂದವರೂ ಆ ತೋಟದಲ್ಲಿದ್ದಾರೆಯೇ, ಅವರು ಊಟ ಮಾಡುವುದು ಎಲ್ಲಿ ಎಂದು ಮೊದಲ ದಿನವೇ ವಿಚಾರಿಸಿಕೊಳ್ಳಿ. ನಿಮ್ಮ ಪುಕ್ಕಟೆ ದುಡಿಮೆಯಿಂದ ಯಾರದೋ ಕೂಲಿ ತಪ್ಪುವುದಾದರೆ ಗಂಟು ಕಟ್ಟಿ ಬೇರೆ ತೋಟಕ್ಕೆ ನಡೆಯಿರಿ.

ಇನ್ನೊಂದನ್ನೂ ನೋಡಿಕೊಂಡು ಬನ್ನಿ. ನಮ್ಮಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಫಸಲು ಒಂದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ತಾನೇ ಮಲಗುತ್ತದೆ. ನಮ್ಮ ಬಳ್ಳಿಗೆ ಅಂಥ ಚಳಿ ಸಿಗದ ಕಾರಣ, ಅಕ್ಟೋಬರ್ ಚಾಟ್ನಿಯಾದ ಮೇಲೆ ಕಣ್ಣು, ಅಂದರೆ ಚಿಗುರುವ ಮೊಗ್ಗು, ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುತ್ತೇವೆ. ಅದೇ ರಾಸಾಯನಿಕದಿಂದ ಇಟಲಿಯ ಕೃಷಿ ಕೆಲಸಗಾರರು ಕಾಯಿಲೆ ಬಿದ್ದದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ ದಾಖಲಾಯಿತು, 2008ರಲ್ಲಿ ಐರೋಪ್ಯ ಒಕ್ಕೂಟ ಅದಕ್ಕೆ ಅನುಮತಿ ನಿರಾಕರಿಸಿತು. ಮೈಗೆ ತಾಗಿದ ದಿನ ಹೆಂಡ ಕುಡಿದರೆ ಮುಖ ಕೆಂಪೇರಿ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಕಡೆ ಅದನ್ನು ಬಟ್ಟೆಯಲ್ಲಿ ಅದ್ದಿ ಬರಿಗೈಯಿಂದ ಹಚ್ಚುವವರನ್ನು ನಾನೇ ಕಂಡಿದ್ದೇನೆ. “ಕೈಗವಸು ಕೊಟ್ಟರೆ ಕೆಲಸ ಸಾಗುವುದಿಲ್ಲ, ಅವರೇ ಬೇಡ ಅನ್ನುತ್ತಾರೆ” ಎಂದರು ಮಾಲೀಕರು. ಮಾಲೀಕರ ಕೈಯಲ್ಲಿ ಛತ್ರಿ ಇತ್ತು.

ನನ್ನ ತಕರಾರು ಹಳೆಯದು, ನೀವು ಕೆದಕಿದಿರಿ. ಸಾವಯವ ಬೆಲ್ಲ ಕೊಳ್ಳುವವರು ವಿಷ ಹೊಡೆದಿದ್ದಾರೆಯೇ ಎಂದು ಕೇಳುತ್ತಾರೆ. ಕಬ್ಬು ಕಡಿದವಳಿಗೆ ಎಷ್ಟು ಸಿಕ್ಕಿತೆಂದು ಕೇಳಿದವರನ್ನು ನಾನು ಕಂಡಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬೆಳಗಾವಿಯ ಕಬ್ಬಿಗೆ ಬರುವ ತಂಡಗಳಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಲೆಕ್ಕದಲ್ಲಿ ಇಬ್ಬರು ಮನುಷ್ಯರು ಒಂದು ಕುಡಗೋಲು. ಅನ್ನದಾತ ಎಂದು ವೇದಿಕೆಯಲ್ಲಿ ಶಾಲು ಹೊದಿಸುವಾಗ ಆ ಶಾಲು ಯಾವ ಹೆಗಲಿಗೆ ಹೋಗುತ್ತದೆ? ಹೊಲದ ದಾಖಲೆ, ಅಂದರೆ ಸಾತಬಾರಾ ಉತಾರೆ, ಇದ್ದವರ ಹೆಗಲಿಗೆ.

“ನಮ್ಮ ತೋಟದ ಕೆಲಸದವರು ಮನೆಯವರ ಹಾಗೆಯೇ” ಎಂದೂ ಬರೆದಿದ್ದೀರಿ. ಸಂತೋಷ. ಅವರ ಮಗಳು ಎಷ್ಟನೆಯ ಇಯತ್ತೆಯಲ್ಲಿದ್ದಾಳೆ? ಪತ್ರವನ್ನು ಎರಡು ಸಲ ಓದಿದೆ, ಅವರಲ್ಲಿ ಒಬ್ಬರ ಹೆಸರೂ ಅದರಲ್ಲಿ ಸಿಗಲಿಲ್ಲ.

ವೀಸಾದ ವಿಷಯ ಮರೆಯಬೇಡಿ. ಪ್ರವಾಸಿ ವೀಸಾದಲ್ಲಿ ಇಂಥ ದುಡಿಮೆ ನಡೆಯುತ್ತದೆಯೇ ಎಂದು ರಾಯಭಾರ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಊಟ, ವಸತಿಗಾಗಿ ಮಾಡಿದ್ದನ್ನೂ ಕೆಲಸವೆಂದೇ ಎಣಿಸುವ ದೇಶಗಳಿವೆ. ನ್ಯೂಜಿಲೆಂಡ್ ಹಾಗೆ ಎಣಿಸುತ್ತದೆ. ಗಡಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದು ವಾಪಸು ಬಂದರೆ ನಿಮ್ಮ ಅಪ್ಪ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ವಿಮೆ ಮಾಡಿಸಿ. ಅಕ್ಟೋಬರ್ ಕೊನೆಯ ವಾರಕ್ಕೆ ಊರು ಮುಟ್ಟಿರಿ; ತಡವಾಗಿ ಚಾಟ್ನಿ ಮಾಡಿದ ಸಾಲುಗಳಿಗೆ ಹಚ್ಚುವ ಕೆಲಸ ಇನ್ನೂ ಇರುತ್ತದೆ. ಬರುವಾಗ ಒಳ್ಳೆಯ ರಬ್ಬರ್ ಕೈಗವಸು ತನ್ನಿ, ಒಂದು ಡಜನ್ ಸಾಕಾಗಲಿಕ್ಕಿಲ್ಲ.

ಇಷ್ಟು ಬರೆದು ಮುಗಿಸುವಾಗ ನಮ್ಮ ಕಚೇರಿಯ ಹುಡುಗ ಚಂದಾದಾರರ ಪಟ್ಟಿ ತಂದು ತೋರಿಸಿದ. ನಿಮ್ಮ ಮನೆಗೆ ಬರುವ ಪತ್ರಿಕೆ ನಿಮ್ಮ ಅಪ್ಪನ ಹೆಸರಿನಲ್ಲಿದೆ, ಹದಿನಾಲ್ಕು ವರ್ಷಗಳಿಂದ. ಚಂದಾ ಮುಂದಿನ ತಿಂಗಳು ಮುಗಿಯುತ್ತದೆ.