ತೋಟದ ಪ್ರಶ್ನೋತ್ತರ: ಹುಳಿಮಣ್ಣು ಬೇಡುವ ಬ್ಲೂಬೆರಿ

ಪ್ರಶ್ನೆ: ತಾರಸಿಯಲ್ಲಿಟ್ಟ ಬ್ಲೂಬೆರಿ ಗಿಡದ ಹೊಸ ಎಲೆಗಳು ಹಳದಿಯಾಗಿವೆ, ನರಗಳು ಮಾತ್ರ ಹಸಿರು. ಕೆಂಪು ಮಣ್ಣು ಮತ್ತು ಎರೆಗೊಬ್ಬರ ಸಮಪಾಲು ಹಾಕಿದ್ದೇನೆ. ತಿಂಗಳಿಗೊಮ್ಮೆ ಬೂದಿ, ಮೊಟ್ಟೆಚಿಪ್ಪಿನ ಪುಡಿ ಕೊಡುತ್ತೇನೆ. ನೀರು ಬೋರ್‌ವೆಲ್‌ದು. ಏನು ಕಮ್ಮಿಯಾಗಿದೆ?
– ಓದುಗರು, ಬೆಂಗಳೂರು

ಉತ್ತರ: ಇದು ಕಬ್ಬಿಣದ ಕೊರತೆಯ ಲಕ್ಷಣ. ಆದರೆ ಕುಂಡದಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಗಿಡಕ್ಕೆ ಅದನ್ನು ಹೀರಲು ಆಗುತ್ತಿಲ್ಲ. ಬ್ಲೂಬೆರಿಗೆ ಬೇಕಾದ ರಸಸಾರ, ಅಂದರೆ ಪಿಎಚ್, 4.5ರಿಂದ 5.5. ಟೊಮೆಟೊ, ಗುಲಾಬಿ ಸುಖವಾಗಿ ಬೆಳೆಯುವ 6.5ರಲ್ಲಿ ಇದು ಸೊರಗುತ್ತದೆ. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಹುಳಿ ಹತ್ತು ಪಟ್ಟು ಇಳಿದಂತೆ. ನೀವು ಅಕ್ಕರೆಯಿಂದ ಹಾಕಿದ ಬೂದಿ, ಮೊಟ್ಟೆಚಿಪ್ಪು ಎರಡೂ ಹುಳಿಯನ್ನು ಕೊಲ್ಲುವಂಥವು. ಎರೆಗೊಬ್ಬರವೂ ಸಾಮಾನ್ಯವಾಗಿ 7ರ ಆಸುಪಾಸಿನದು. ಇವನ್ನು ಇಂದೇ ನಿಲ್ಲಿಸಿ.

ಇವಕ್ಕಿಂತ ದೊಡ್ಡ ಶತ್ರು ನಿಮ್ಮ ನೀರು. ಗಡಸು ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಪ್ರತಿ ಸಲವೂ ಮಣ್ಣಿಗೆ ಚಿಟಿಕೆ ಸುಣ್ಣ ಹಾಕಿದಂತೆ ಕೆಲಸ ಮಾಡುತ್ತದೆ. ನರ್ಸರಿಯಿಂದ ಬಂದಾಗ ಚೆನ್ನಾಗಿದ್ದ ಗಿಡ ಆರೆಂಟು ತಿಂಗಳಲ್ಲಿ ಹಳದಿಯಾಗುವುದು ಹೆಚ್ಚಾಗಿ ಇದರಿಂದಲೇ. ಮಳೆನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದಿಡಿ. ಸಿಮೆಂಟ್ ಸಂಪಿನಲ್ಲಿ ನಿಂತರೆ ಅದಕ್ಕೂ ಸುಣ್ಣದ ಅಂಶ ಸೇರುತ್ತದೆ. ಆರ್‌ಒ ಯಂತ್ರದ ಶುದ್ಧ ನೀರಾದರೂ ಸರಿ, ಅದು ಹೊರಚೆಲ್ಲುವ ನೀರು ಮಾತ್ರ ಬೇಡ. ಅದರಲ್ಲಿ ಲವಣ ಇನ್ನೂ ಹೆಚ್ಚು. ಬೇರೆ ದಾರಿಯೇ ಇಲ್ಲದಿದ್ದರೆ 10 ಲೀಟರ್ ಬೋರ್‌ವೆಲ್ ನೀರಿಗೆ ಕಾಲು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕಲಸಿ, ಪಿಎಚ್ ಕಾಗದ ಅದ್ದಿ ನೋಡಿ. 5.5ಕ್ಕೆ ಬರುವವರೆಗೆ ಕಾಲು ಕಾಲು ಚಮಚ ಸೇರಿಸಿ. ಮಣ್ಣಿನ ಸೂಕ್ಷ್ಮಜೀವಿಗಳು ನಿಂಬೆ ಉಪ್ಪನ್ನು ಬೇಗ ತಿಂದುಬಿಡುವುದರಿಂದ ಇದು ತಾತ್ಕಾಲಿಕ ಉಪಾಯವಷ್ಟೇ.

ಹಳೆಯ ಮಿಶ್ರಣವನ್ನು ರಿಪೇರಿ ಮಾಡುವುದಕ್ಕಿಂತ ಬದಲಿಸುವುದೇ ಲೇಸು. 40 ಲೀಟರಿನ ಗ್ರೋಬ್ಯಾಗ್ ಅಥವಾ ಪ್ಲಾಸ್ಟಿಕ್ ಕುಂಡ ತೆಗೆದುಕೊಳ್ಳಿ, ಸಿಮೆಂಟ್ ಕುಂಡ ಬೇಡ. ಪೀಟ್‌ಮಾಸ್ (ಜೌಗುನೆಲದಲ್ಲಿ ಅರೆಕೊಳೆತ ಪಾಚಿ) 2 ಭಾಗ, ಪೈನ್ ತೊಗಟೆಯ ಚೂರು 2 ಭಾಗ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) 1 ಭಾಗ ಬೆರೆಸಿ. ಪೀಟ್‌ಮಾಸ್ ದುಬಾರಿಯೆನಿಸಿದರೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಆಗುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಮೂರು ಸಲ ನೆನೆಸಿ ಹಿಂಡಿ ಬಳಸಿ. ಅದು ಪೀಟ್‌ಮಾಸ್‌ನಷ್ಟು ಹುಳಿಯೂ ಅಲ್ಲ, ಹಾಗಾಗಿ ಒಂದು ಟೀ ಚಮಚ ಗಂಧಕದ ಪುಡಿ ಸೇರಿಸಿ. ಗಂಧಕವನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಫಲ ಕಾಣಲಿಲ್ಲವೆಂದು ನಡುವೆ ಮತ್ತೆ ಹಾಕಬೇಡಿ.

ಬೇರನ್ನು ಜೋಪಾನವಾಗಿ ಬಿಡಿಸಿ. ಕೂದಲಿನಷ್ಟು ತೆಳುವಾದ ಈ ಬೇರುಗಳಿಗೆ ಬೇರುರೋಮಗಳೇ ಇಲ್ಲ, ಹೆಚ್ಚಿನವು ಮೇಲಿನ ಒಂದು ಅಡಿಯೊಳಗೇ ಹರಡಿಕೊಳ್ಳುತ್ತವೆ. ಅದಕ್ಕೇ ಒಣಗಿದರೂ ತಡೆಯವು, ನೀರು ನಿಂತರೂ ಕೊಳೆಯುತ್ತವೆ. ಮಣ್ಣು ಹಸಿಯಾಗಿದ್ದೂ ಎಲೆ ಬಾಡಿದರೆ ಬೇರು ಕೊಳೆತಿದೆಯೆಂದೇ ಶಂಕಿಸಿ, ನೀರಿನ ತಂಬಿಗೆ ಕೆಳಗಿಡಿ. ಮೇಲೆ ಎರಡು ಇಂಚು ಸರ್ವೆ ಮರದ ಉದುರೆಲೆ ಹೊದಿಸಿ.

ಹೊಸ ಚಿಗುರು ಬಂದ ಮೇಲೆ 15 ದಿನಕ್ಕೊಮ್ಮೆ 5 ಲೀಟರ್ ನೀರಿಗೆ 5 ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿ, ಗಿಡಕ್ಕೆ ಒಂದೆರಡು ಲೀಟರಿನಂತೆ ಕೊಡಿ. ಬ್ಲೂಬೆರಿ ಸಾರಜನಕವನ್ನು ಅಮೋನಿಯಂ ರೂಪದಲ್ಲಿ ಇಷ್ಟಪಡುತ್ತದೆ. ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ಕ್ಲೋರೈಡ್ ಎರಡೂ ಬೇಡ.

ಪ್ರಶ್ನೆ: ನಮ್ಮದು ಕಾಫಿ ತೋಟದ ಹುಳಿಮಣ್ಣು. ನೆಲದಲ್ಲೇ ನೆಡಬಹುದೇ? ಯಾವ ತಳಿ?
– ಓದುಗರು, ಸಕಲೇಶಪುರ

ಉತ್ತರ: ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 5.5ರೊಳಗಿದ್ದರೆ ನೆಡಬಹುದು. ಆದರೆ ಕಾಫಿಗೆ ಸುಣ್ಣ ಎರಚಿದ ಜಾಗ ಬೇಡ. ಈ ಗಿಡ ಹುಳಿಮಣ್ಣಿನದು ಎಂಬುದನ್ನು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರು. ಅದಕ್ಕೂ ಮೊದಲು ಫಲವತ್ತಾದ ತೋಟದ ಮಣ್ಣಿನಲ್ಲಿ ನೆಟ್ಟವರೆಲ್ಲ ಸೋಲುತ್ತಿದ್ದರು. ನಿಮ್ಮ ಮಳೆಗಾಲ ಜೋರು, ಆದ್ದರಿಂದ ಒಂದೂವರೆ ಅಡಿ ಎತ್ತರದ ಏರುಮಡಿ ಕಡ್ಡಾಯ. ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಡಿ. ಕಾಫಿಯಂತೆ ನೆರಳಿನಲ್ಲಿ ಕೂರಿಸಬೇಡಿ, ದಿನಕ್ಕೆ ಆರು ತಾಸು ಬಿಸಿಲು ಬೇಕು.

ತಳಿಯ ವಿಷಯದಲ್ಲಿ ಎಚ್ಚರ. ಅಮೆರಿಕದ ಉತ್ತರ ಭಾಗದ ತಳಿಗಳಿಗೆ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿ 800 ತಾಸಿಗೂ ಮೀರಿ ಬೇಕು, ಅದು ನಮ್ಮಲ್ಲಿ ಸಿಗುವುದಿಲ್ಲ. ಬಿಲಾಕ್ಸಿ, ಮಿಸ್ಟಿ, ಸನ್‌ಶೈನ್ ಬ್ಲೂನಂಥ ಕಡಿಮೆ ಚಳಿಯ ತಳಿಗಳನ್ನೇ ಕೇಳಿ ತನ್ನಿ. ತಳಿಯ ಹೆಸರು ಹೇಳದೆ ಬರೀ ‘ಬ್ಲೂಬೆರಿ’ ಎಂದು ಮಾರುವವರ ಹತ್ತಿರ ಕೊಳ್ಳದಿರುವುದೇ ಕ್ಷೇಮ.

ಪ್ರಶ್ನೆ: ಹೂ ತುಂಬಾ ಬಿಟ್ಟಿತು, ಕಾಯಿ ಬೆರಳೆಣಿಕೆಯಷ್ಟು. ಹಣ್ಣೂ ಹುಳಿ. ಯಾಕೆ?
– ಓದುಗರು, ಮೈಸೂರು

ಉತ್ತರ: ಗಿಡ ಎರಡು ವರ್ಷದೊಳಗಿನದಾದರೆ ಹೂ ಚಿವುಟಿಬಿಡಿ, ಮೊದಲು ಬೇರು ಬಲಿಯಲಿ. ದೊಡ್ಡ ಗಿಡವಾದರೆ ಪರಾಗಸ್ಪರ್ಶದ ತೊಂದರೆ. ಬ್ಲೂಬೆರಿ ಹೂ ಕೆಳಮುಖವಾಗಿ ತೂಗುವ ಪುಟ್ಟ ಗಂಟೆಯಂತೆ. ಅದರ ಪರಾಗಕೋಶದ ತುದಿಯ ಸಣ್ಣ ತೂತಿನಿಂದ ಪುಡಿ ಉದುರಬೇಕಾದರೆ ಹೂ ಅದುರಬೇಕು. ಜೇನುಹುಳುವಿಗೆ ಹಾಗೆ ಅದುರಿಸಲು ಬರುವುದಿಲ್ಲ, ಕಪ್ಪು ದುಂಬಿ ಆ ಕೆಲಸ ಮಾಡುತ್ತದೆ. ದುಂಬಿ ಬಾರದ ತಾರಸಿಯಲ್ಲಿ, ಬೆಳಗಿನ ಇಬ್ಬನಿ ಆರಿದ ಮೇಲೆ ಬ್ಯಾಟರಿ ಟೂತ್‌ಬ್ರಶ್‌ನ ಹಿಂಬದಿಯನ್ನು ಹೂವಿನ ತೊಟ್ಟಿಗೆ ತಾಗಿಸಿ, ಕೆಳಗೆ ಹೆಬ್ಬೆರಳ ಉಗುರು ಹಿಡಿಯಿರಿ. ಉಗುರಿನ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಅದನ್ನು ಇನ್ನೊಂದು ಹೂವಿನ ಶಲಾಕೆಯ (ಹೂವಿನ ನಡುವಿನ ಕಡ್ಡಿಯ) ತುದಿಗೆ ಸವರಿ. ಎರಡು ತಳಿಗಳು ಅಕ್ಕಪಕ್ಕ ಇದ್ದರೆ ಕಾಯಿ ಹೆಚ್ಚು, ಗಾತ್ರವೂ ದೊಡ್ಡದು.

ಇನ್ನು ಹುಳಿಯ ಮಾತು. ನೀಲಿಯಾದ ದಿನವೇ ಕಿತ್ತಿದ್ದೀರಿ. ಕಿತ್ತ ಮೇಲೆ ಈ ಹಣ್ಣಿಗೆ ಸಿಹಿ ಏರುವುದಿಲ್ಲ. ತೊಟ್ಟಿನ ಸುತ್ತ ಕೆಂಪು ಉಂಗುರ ಉಳಿದಿದ್ದರೆ ಇನ್ನೂ ನಾಲ್ಕೈದು ದಿನ ಕಾಯಿರಿ. ಹೆಬ್ಬೆರಳಿನಿಂದ ಮೆಲ್ಲಗೆ ಉರುಳಿಸಿದಾಗ ತಾನಾಗಿ ಕೈಗೆ ಬಂದದ್ದು ಹಣ್ಣು. ಅಷ್ಟರಲ್ಲಿ ಪಿಕಳಾರ ಹಕ್ಕಿಗಳು ಬಿಡುವುದಿಲ್ಲ, ಬಲೆ ಹೊದಿಸಿ.

ಪ್ರಶ್ನೆ: ಅಂಗಡಿಯ ಬ್ಲೂಬೆರಿ ಹಣ್ಣಿನ ಬೀಜದಿಂದ ಗಿಡ ಮಾಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊಳೆಯುತ್ತದೆ, ಆದರೆ ತಾಯಿಗಿಡದ ಗುಣ ಬರುವುದಿಲ್ಲ. ಹಣ್ಣಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಕಡ್ಡಿಯಿಂದ ಬೆಳೆಸಿದ, ಹೆಸರಿರುವ ತಳಿಯ ಗಿಡವನ್ನೇ ಕೊಳ್ಳಿ. ನಿಮ್ಮ ಕಡೆಯ ಎರೆಮಣ್ಣಿನಲ್ಲಿ ಸುಣ್ಣ ಹೆಚ್ಚು, ಎಷ್ಟು ಗಂಧಕ ಸುರಿದರೂ ಅದು ಬಗ್ಗುವುದಿಲ್ಲ. ಕುಂಡವೇ ಗತಿ, ಮಿಶ್ರಣ ಮೇಲೆ ಬರೆದದ್ದೇ.